ಎತ್ತಿ ನೋಡಿ, ಆಮೇಲೆ ಕೊಯ್ಯಿ

ರೋಟವೇಟರ್ ಹೊಸದು, ಟ್ರ್ಯಾಕ್ಟರ್ ಹಳೆಯದು, ನಡುವೆ ಕೂರಬೇಕಾದ ಶಾಫ್ಟ್ ಗೇಣುದ್ದ ಹೆಚ್ಚು. ಮುಂಗಾರಿಗೆ ಮುಂಚೆ ಹರಿಹರದ ಲೇತ್ ಅಂಗಡಿಗಳ ಮುಂದೆ ಇಂಥ ಜೋಡಿಗಳು ಬಂದು ನಿಲ್ಲುತ್ತವೆ. ಲಕ್ಷದ ಆಸುಪಾಸಿನ ಸಾಮಾನು ಮಾರುವವರು ಶಾಫ್ಟನ್ನು ಅಳತೆಗೆ ಕೊಡಬಾರದೇ ಎಂದು ಫಿಟ್ಟರನ್ನು ಕೇಳಿದೆ.

"ಯಾವ ಗಾಡಿಗೆ ಹಾಕ್ತೀರಿ ಅಂತ ಅವರಿಗೇನ್ ಗೊತ್ತು ಸರ್? ಉದ್ದ ಕಳ್ಸಿದ್ರೆ ಕೊಯ್ಬೋದು. ಗಿಡ್ಡ ಕಳ್ಸಿದ್ರೆ ಬೆಳ್ಸಕ್ಕಾಗುತ್ತಾ?"

*

ವಿಚಿತ್ರವೆಂದರೆ ಉಳಿದದ್ದೆಲ್ಲ ಮೊದಲೇ ನಿಗದಿ. ಟ್ರ್ಯಾಕ್ಟರಿನ ಹಿಂದೆ ಚಾಚಿದ, ಯಂತ್ರವನ್ನು ತಿರುಗಿಸುವ ಪಿಟಿಒ ಮೂತಿಯ ದಪ್ಪ 35 ಮಿಲಿಮೀಟರ್, ಹಲ್ಲು ಆರು, ವೇಗ ನಿಮಿಷಕ್ಕೆ 540 ಸುತ್ತು. ಕೆಂಪು ಟ್ರ್ಯಾಕ್ಟರ್ ಇರಲಿ, ನೀಲಿ ಇರಲಿ, ನಮ್ಮ ಹೊಲಗಳ ಬಹುಪಾಲು ಗಾಡಿಗಳಲ್ಲಿ ಇದೇ ಲೆಕ್ಕ. ಆ ಮೂತಿಯಿಂದ ರೋಟವೇಟರಿನ ಗೇರ್‌ಬಾಕ್ಸ್ ಮೂತಿಗಿರುವ ದೂರ ಮಾತ್ರ ಜೋಡಿಯಿಂದ ಜೋಡಿಗೆ ಬೇರೆ. ಅದೂ ಒಂದು ಕಡೆ ನಿಲ್ಲುವ ದೂರವಲ್ಲ. ಲಿಫ್ಟ್ ಎತ್ತಿದರೆ ಒಂದು, ಇಳಿಸಿದರೆ ಇನ್ನೊಂದು. ಅದಕ್ಕೇ ಶಾಫ್ಟನ್ನು ಎರಡು ತುಂಡಾಗಿ ಮಾಡಿರುತ್ತಾರೆ, ಒಳಪೈಪು ಹೊರಪೈಪಿನಲ್ಲಿ ಜಾರುತ್ತಾ ಹೊಂದಿಕೊಳ್ಳಲಿ ಎಂದು.

*

ಹಾಗಾದರೆ ಅಳೆಯುವುದು ಯಾವಾಗ? ಯಂತ್ರ ನೆಲದ ಮೇಲಿದ್ದಾಗಲೋ, ಪೂರ್ತಿ ಎತ್ತಿದಾಗಲೋ? ನೆಲದ ಮೇಲೆ ಅಳೆದರೆ ಸಾಕು ಎಂದು ಅಲ್ಲಿ ನಿಂತಿದ್ದ ಹೆಚ್ಚಿನವರ ವಾದ. ಕೆಲಸ ನಡೆಯುವುದೇ ಅಲ್ಲಿ ತಾನೆ. ಫಿಟ್ಟರ್ ಎರಡನ್ನೂ ಒಪ್ಪಲಿಲ್ಲ.

ಯೋಚಿಸಿದರೆ ಅವನದೇ ಸರಿ. ರೋಟವೇಟರ್ ಮಣ್ಣಿನಲ್ಲಿದ್ದಾಗ ಶಾಫ್ಟ್ ಹಿಂದಕ್ಕೆ ಇಳಿಜಾರು, ಪೂರ್ತಿ ಎತ್ತಿದಾಗ ಏರು. ಓರೆಯಾಗಿ ನಿಂತದ್ದು ಮಟ್ಟವಾಗಿ ನಿಂತದ್ದಕ್ಕಿಂತ ಉದ್ದ ಬೇಡುತ್ತದೆ. ನಡುವೆ ಎಲ್ಲೋ ಎರಡು ಮೂತಿಗಳೂ ಒಂದೇ ಎತ್ತರಕ್ಕೆ ಬರುವ ಗಳಿಗೆಯಲ್ಲಿ ದೂರ ಕನಿಷ್ಠ. ಕಾಗದದ ಮೇಲೆ ಇಷ್ಟೇ. ಆದರೆ ಕೆಳಗಿನ ಎರಡು ಲಿಂಕುಗಳು ಕಮಾನಿನಂತೆ ಏರುತ್ತಾ ಯಂತ್ರವನ್ನು ಸ್ವಲ್ಪ ಮುಂದಕ್ಕೂ ಎಳೆದುಕೊಳ್ಳುತ್ತವೆ, ಟಾಪ್ ಲಿಂಕ್ ಅದನ್ನು ವಾಲಿಸುತ್ತದೆ. ಹೀಗಾಗಿ ಕನಿಷ್ಠದ ಜಾಗ ಲೆಕ್ಕ ಹೇಳಿದ ಕಡೆಯೇ ಸಿಗಬೇಕೆಂದಿಲ್ಲ. ನಿಧಾನವಾಗಿ ಎತ್ತುತ್ತಾ, ಟೇಪು ಹಿಡಿದು ನೋಡುತ್ತಾ ಹೋಗುವುದೊಂದೇ ದಾರಿ.

ಕೊಯ್ಯುವ ಅಳತೆ ಸಿಗುವುದು, ಹೊಲದಲ್ಲಿ ಯಂತ್ರ ಎಂದೂ ನಿಲ್ಲದ, ಬದು ಬಂದಾಗ ಸುಮ್ಮನೆ ದಾಟಿ ಹೋಗುವ ಎತ್ತರದಲ್ಲಿ. ಇದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

*

ಕೆಲಸ ನೋಡಿದ್ದು. ಪಿಟಿಒ ಆಫ್ ಇಟ್ಟು ಲಿಫ್ಟನ್ನು ಆ ಎತ್ತರಕ್ಕೆ ತಂದರು, ಕೆಳಗೆ ಮರದ ದಿಮ್ಮಿ ಕೊಟ್ಟರು, ಎಂಜಿನ್ ನಿಲ್ಲಿಸಿ ಕೀಲಿ ತೆಗೆದು ಫಿಟ್ಟರ್ ಜೇಬಿಗೆ ಹಾಕಿಕೊಂಡ. ಶಾಫ್ಟನ್ನು ಎಳೆದು ಎರಡು ಮಾಡಿ ಒಂದರ್ಧ ಟ್ರ್ಯಾಕ್ಟರಿಗೆ, ಇನ್ನೊಂದರ್ಧ ರೋಟವೇಟರಿಗೆ ಸಿಕ್ಕಿಸಿದ. ಈಗ ಎರಡೂ ತುಂಡು ಅಕ್ಕಪಕ್ಕ, ಒಂದರ ತುದಿ ಇನ್ನೊಂದರ ಕವಲುಮೂತಿ, ಅಂದರೆ ಯೋಕನ್ನೂ ಮೀರಿ ಚಾಚಿಕೊಂಡು. ಎಲ್ಲಿ ಮೀರುತ್ತದೋ ಅಲ್ಲಿಂದ ಒಂದಿಂಚು ಒಳಕ್ಕೆ ಸೀಮೆಸುಣ್ಣದ ಗೆರೆ. ಆ ಇಂಚು ಉಸಿರಾಡಲು ಬಿಟ್ಟ ಜಾಗವಂತೆ.

ಒಳಪೈಪು ಕೊಯ್ದ. ಹೊರಪೈಪಿನಿಂದಲೂ ಅಷ್ಟೇ ಕೊಯ್ದ. ಶಾಫ್ಟನ್ನು ಮುಚ್ಚುವ ಪ್ಲಾಸ್ಟಿಕ್ ಕವರಿನ ಎರಡೂ ಭಾಗದಿಂದ ಮತ್ತೆ ಅಷ್ಟೇ.

ಒಂದನ್ನೇ ಕೊಯ್ದರೆ ಸಾಲದೇ? ಸಾಲದು. ಒಳಪೈಪನ್ನು ಮಾತ್ರ ಗಿಡ್ಡ ಮಾಡಿದರೆ ಅದರ ತುದಿ ತಳ ಮುಟ್ಟುವುದೇನೋ ತಪ್ಪುತ್ತದೆ, ಹೊರಪೈಪಿನ ಬಾಯಿ ಬಂದು ಆಚೆ ಕಡೆಯ ಯೋಕಿಗೆ ಗುದ್ದುತ್ತದೆ. ಕೊಯ್ದ ಅಂಚಿನ ಮುಳ್ಳುಗಳನ್ನು ಅರದಿಂದ ಒಳಗೂ ಹೊರಗೂ ತಿಕ್ಕಿ, ಲೋಹದ ಪುಡಿಯನ್ನು ಬಟ್ಟೆಯಿಂದ ಒರೆಸಿ, ಗ್ರೀಸ್ ಹಚ್ಚಿ ಜೋಡಿಸಿದ. ಕೊಯ್ಯುವುದಕ್ಕಿಂತ ಹೆಚ್ಚು ಹೊತ್ತು ಅರಕ್ಕೇ ಹೋಯಿತು. ಮುಳ್ಳು ಉಳಿದರೆ ಪೈಪು ಜಾರುವುದಿಲ್ಲ, ಜಾರದ ಪೈಪು ಉದ್ದದ ಪೈಪಿನಷ್ಟೇ ಕೆಟ್ಟದ್ದು.

*

ಉದ್ದವಾದರೆ ಏನಾಗುತ್ತದೆ: ಎತ್ತುವಾಗ ಪೈಪು ತಳ ಮುಟ್ಟಿ ಒಂದು ಕಡೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗನ್ನು, ಇನ್ನೊಂದು ಕಡೆ ಗೇರ್‌ಬಾಕ್ಸಿನ ಬೇರಿಂಗನ್ನು ಒದೆಯುತ್ತದೆ. ಲಿಫ್ಟಿನ ಪೂರ್ತಿ ಬಲ ಆ ಒದೆತದ ಹಿಂದೆ. ಗಿಡ್ಡವಾದರೆ ಒಂದರೊಳಗೊಂದು ಕೂತ ಭಾಗ ಸಾಲದೆ ಪೈಪು ತಿರುಚುತ್ತದೆ, ಇಲ್ಲವೇ ಗುಂಡಿಗೆ ಇಳಿದಾಗ ಎರಡೂ ಬೇರೆಯಾಗುತ್ತವೆ. ತಿರುಗುತ್ತಿರುವಾಗ ಬೇರೆಯಾದ ಅರ್ಧ ಶಾಫ್ಟ್ ಎತ್ತ ಬೀಸುತ್ತದೆಂದು ಹೇಳಬರುವುದಿಲ್ಲ. ಕೆಲಸದ ಸ್ಥಿತಿಯಲ್ಲಿ ಪೈಪಿನ ಮೂರನೇ ಒಂದು ಭಾಗವಾದರೂ ಇನ್ನೊಂದರ ಒಳಗಿರಬೇಕು ಎನ್ನುವುದು ರೂಢಿಯ ಲೆಕ್ಕ.

ಎರಡರಲ್ಲಿ ಉದ್ದದ ತಪ್ಪೇ ಹೆಚ್ಚು ಕಳ್ಳ ಎನಿಸುತ್ತದೆ. ಬೇರಿಂಗ್ ಹೋದ ದಿನ ಯಾರೂ ಶಾಫ್ಟನ್ನು ಬೈಯುವುದಿಲ್ಲ, ಬೇರಿಂಗನ್ನೇ ಬೈಯುತ್ತಾರೆ.

*

ಜೋಡಿಸುವಾಗ ಇನ್ನೊಂದು ಒಗಟು. ಪೈಪು ಒಳಗೆ ಹೋಯಿತು, ಫಿಟ್ಟರ್ ಮತ್ತೆ ಎಳೆದು, ತಿರುಗಿಸಿ ಹಾಕಿದ. ಎರಡು ತುದಿಯ ಯೋಕುಗಳೂ ಒಂದೇ ಸಾಲಿಗೆ ಬರಬೇಕಂತೆ. ತ್ರಿಕೋನ ಪೈಪಾದರೆ ಮೂರು ಥರ ಕೂರುತ್ತದೆ, ಸರಿಯಾದದ್ದು ಒಂದೇ. ಚೌಕದ ಸರಳಾದರೆ ಕಾಲು ಸುತ್ತು ತಪ್ಪಿ ಕೂರಬಹುದು. ತಪ್ಪಿದರೇನು, ತಿರುಗುವುದಿಲ್ಲವೇ?

ತಿರುಗುತ್ತದೆ, ಸಮನಾಗಿ ಅಲ್ಲ. ಪಿಯುಸಿಯಲ್ಲಿ ಸ್ಪ್ರಿಂಗಿನ ನಿಯಮ ಕಲಿಸಿದ ಆ ರಾಬರ್ಟ್ ಹುಕ್ 17ನೇ ಶತಮಾನದಲ್ಲಿ ತಲೆ ಕೆಡಿಸಿಕೊಂಡ ಕೀಲೇ ಶಾಫ್ಟಿನ ಎರಡೂ ತುದಿಯಲ್ಲಿರುವುದು. ಯೋಕಿನಲ್ಲಿ ಕೂತ ಕ್ರಾಸಿನ ಮೂಲಕ ಓರೆಯಾಗಿ ತಿರುಗಿಸಿದರೆ ಆಚೆಯ ತುದಿ ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೆ ಓಡಿ ಎರಡು ಸಲ ಹಿಂದೆ ಬೀಳುತ್ತದೆ. ಓರೆ 30 ಡಿಗ್ರಿ ಇದ್ದರೆ ಈಚೆ 540, ಆಚೆ 468ಕ್ಕೂ 624ಕ್ಕೂ ನಡುವೆ ತೂಗಾಟ. ಎರಡನೇ ಕ್ರಾಸ್ ಈ ತೂಗಾಟವನ್ನು ಅಳಿಸಬೇಕು. ಅಳಿಸುವುದು ಯೋಕುಗಳು ಸಾಲಾಗಿದ್ದು ಎರಡೂ ಕಡೆಯ ಓರೆ ಸಮ ಇದ್ದಾಗ ಮಾತ್ರ. ಸಾಲು ತಪ್ಪಿದರೆ ಒಂದರ ಏರಿಳಿತಕ್ಕೆ ಇನ್ನೊಂದರದ್ದು ಸೇರಿಕೊಳ್ಳುತ್ತದೆ. ಕೆಲವು ರೋಟವೇಟರುಗಳ ಕಟಕಟ ಸದ್ದಿಗೆ ಬ್ಲೇಡು ಬದಲಿಸಿಯೂ ಪ್ರಯೋಜನವಾಗದ್ದು ಏಕೆಂದು ಈಗ ಅನುಮಾನ ಬರುತ್ತಿದೆ.

*

540 ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಲುಂಗಿಯ ಅಂಚು, ಹೆಗಲ ಮೇಲಿನ ಟವೆಲು, ಸೆರಗು ಸಿಕ್ಕರೆ "ಅಯ್ಯೋ" ಅನ್ನುವಷ್ಟರಲ್ಲಿ ಆರೇಳು ಸುತ್ತು. ಇಷ್ಟು ಗೊತ್ತಿದ್ದೂ ಪ್ಲಾಸ್ಟಿಕ್ ಕವರನ್ನು ಮೊದಲ ವಾರವೇ ಕಿತ್ತು ಕೊಟ್ಟಿಗೆಗೆ ಎಸೆಯುವವರಿದ್ದಾರೆ, ಗ್ರೀಸ್ ಹೊಡೆಯಲು ಅಡ್ಡ ಬರುತ್ತದಂತೆ. ಇದು ನನಗೆ ಒಗಟಾಗಿಯೇ ಉಳಿದಿದೆ.

*

ರೋಟವೇಟರ್ ಊರಲ್ಲಿ ಒಂದೇ ಮನೆಯಲ್ಲಿ ಇರುವುದಿಲ್ಲ. ಅಣ್ಣತಮ್ಮಂದಿರು, ಬೀಗರು, ಪಕ್ಕದ ಹೊಲದವರು ಒಯ್ಯುತ್ತಾರೆ, ಜೊತೆಗೆ ಶಾಫ್ಟೂ ಹೋಗುತ್ತದೆ. ಕೊಡುವವರು ಕೇಳುವ ಪ್ರಶ್ನೆ ಒಂದೇ: "ನಿಮ್ದು ಎಷ್ಟು ಎಚ್‌ಪಿ?" ದೂರ ಎಷ್ಟೆಂದು ಕೇಳಿದವರನ್ನು ಕಾಣೆ. ಈ ಗಾಡಿಗೆಂದು ಕೊಯ್ದ ಶಾಫ್ಟ್ ಆ ಗಾಡಿಗೆ ಗಿಡ್ಡವಾಗಬಹುದು.

ಇದಕ್ಕೆ ಫಿಟ್ಟರ್ ಒಂದು ಉಪಾಯ ಮಾಡಿದ. ಪೈಪು ಎಷ್ಟು ಹೊರಬಂದರೆ ಅಪಾಯವೋ ಅಲ್ಲಿಗೆ ಕೆಂಪು ಬಣ್ಣದ ಗೆರೆ. ಒಳಪೈಪಿನ ಮೇಲೆ ಎಳೆದರೆ ಕವರ್ ಮುಚ್ಚುತ್ತದೆ, ಅದಕ್ಕೇ ಗೆರೆ ಕವರಿನ ಒಳತುಂಡಿನ ಮೇಲೆ. "ಗೆರೆ ಕಂಡ್ರೆ ಪಿಟಿಒ ಹಾಕ್ಬ್ಯಾಡ್ರಿ ಯಜಮಾನ್ರೆ." ಯಜಮಾನರು ತಲೆಯಾಡಿಸಿದರು. ಧೂಳು, ಗ್ರೀಸಿನಲ್ಲಿ ಆ ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಿದೆ.

"ಹೋದ್ರೆ ಮತ್ತೆ ಬಳಿಯೋದು ಸರ್" ಎಂದು ಕೀಲಿ ವಾಪಸು ಕೊಟ್ಟ.