ಸೀಸನ್ನು ದೋಣಿಗೆ, ತಿಮಿಂಗಿಲಕ್ಕಲ್ಲ

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿಕೊಂಡು ಹಾಗೇ ಘಟ್ಟ ಇಳಿದು ಕಾರವಾರಕ್ಕೆ ಹೋಗುವವರು ಮಳೆಗೆ ಮೊದಲೇ ದೋಣಿ ಹತ್ತಿಬಿಡಬೇಕು. ಮುಂಗಾರು ಬಂತೆಂದರೆ ಕಡಲ ವಿಹಾರ ಬಂದ್. ಅಲ್ಲಿ ಕಾಣಿಸುವುದು ಸಾಮಾನ್ಯವಾಗಿ ಬೆನ್ನ ಮೇಲೆ ಡುಬ್ಬವಿರುವ ಹಂಪ್‌ಬ್ಯಾಕ್ ಡಾಲ್ಫಿನ್. ಅದೇ ಹೆಸರಿನ ತಿಮಿಂಗಿಲವಲ್ಲ.

ಆದರೆ ತಿಮಿಂಗಿಲವೂ ಈ ಕಡೆ ಹಾದುಹೋಗಿದೆ! ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ‘ಲುಬಾನ್’ ಎಂಬ ಹೆಣ್ಣು 2017ರ ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರ ದಾಟಿ ಗೋವಾದತ್ತ ಬಂತು, ಅಲ್ಲಿಂದ ಕರಾವಳಿಗುಂಟ ದಕ್ಷಿಣಕ್ಕೆ ಈಜಿತು.

ಬೇರೆ ಸಾಗರಗಳ ಹಂಪ್‌ಬ್ಯಾಕ್‌ಗಳು ಋತು ಮುಗಿದೊಡನೆ ಧ್ರುವದ ಕಡೆ ಹೊರಡುತ್ತವೆ. ಅರಬ್ಬಿಯವು ಹಾಗಲ್ಲ, ವರ್ಷವಿಡೀ ಇಲ್ಲೇ. ತಪ್ಪಿಸಿಕೊಳ್ಳಲು ಬೇರೆ ಕಡಲೂ ಇಲ್ಲ ಅನ್ನಿ: 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಕಾನೂನು ಮೀರಿ 242ನ್ನು ಕೊಂದವು. ಒಮಾನ್ ಬಳಿ ಈಗ ಉಳಿದವು ನೂರರೊಳಗೆ ಎಂಬ ಅಂದಾಜಿದೆ.