ನೆಲ ಎರಡಿಂಚು ದೂರ

ಬೈಕಿನ ಸೀಟು ಎಷ್ಟು ಎತ್ತರವಿದೆ ಎಂದು ಕಂಪನಿಯವರು ಅಳೆಯುವುದು ಮಟ್ಟಸ ನೆಲದ ಮೇಲೆ. ಕೊಡ್ಲಿಪೇಟೆಯಲ್ಲಿ ಹಾಗೆ ಅಳೆಯಬೇಕೆಂದರೆ ಬೈಕನ್ನು ಶಾಲೆಯ ಮೈದಾನಕ್ಕೋ ಕಾಫಿ ಕಣಕ್ಕೋ ತಳ್ಳಿಕೊಂಡು ಹೋಗಬೇಕು. ಮಿಕ್ಕ ಕಡೆ ನೆಲ ಒಂದೋ ಏರುತ್ತಿರುತ್ತದೆ, ಇಲ್ಲವೇ ಇಳಿಯುತ್ತಿರುತ್ತದೆ, ಕೆಲವೆಡೆ ಎರಡನ್ನೂ ಒಟ್ಟಿಗೆ ಮಾಡುತ್ತಿರುತ್ತದೆ. ಹಾಗಾಗಿ ಕಂಪನಿಯ ಪುಸ್ತಕದಲ್ಲಿ 805 ಮಿಲಿಮೀಟರ್ ಎಂದು ಅಚ್ಚಾದ ಸೀಟು ಇಲ್ಲಿ ಒಂದು ಅಂಗಡಿಯ ಮುಂದೆ 830 ಆಗುತ್ತದೆ, ಹತ್ತು ಹೆಜ್ಜೆ ಆಚೆ 780ಕ್ಕೆ ಇಳಿಯುತ್ತದೆ. ಉದ್ದ ಕಾಲಿನವರಿಗೆ ಇದು ಗಮನಕ್ಕೇ ಬರುವುದಿಲ್ಲ. ಐದಡಿ ಮೂರಿಂಚಿನ ನನ್ನಂಥವನಿಗೆ ಊರಿನ ಭೂಗೋಳವೆಂದರೆ ಇದೇ.

ಲೆಕ್ಕ ನೋಡಿ. ಹೀರೋ ಸ್ಪ್ಲೆಂಡರ್‌ನ ಸೀಟು 785 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 805. ಹೊಸ ಹಿಮಾಲಯನ್ 825, ಬೇಕಿದ್ದರೆ 845ಕ್ಕೆ ಏರಿಸಿಕೊಳ್ಳಬಹುದು ಎಂಬ ಸೌಜನ್ಯ ಬೇರೆ. ಎಕ್ಸ್‌ಪಲ್ಸ್‌ನ ಪ್ರೊ ಎಂಬ ಅವತಾರದ್ದು 891. ಅದನ್ನು ಹತ್ತಲು ನಮಗೆ ಜಗಲಿಕಟ್ಟೆ ಬೇಕು. ನಮ್ಮ ದೇಶದ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ಹೆಂಗಸರದ್ದು 152ರ ಆಸುಪಾಸು. ಈ ಬೈಕುಗಳನ್ನು ಯಾರ ಕಾಲನ್ನು ನೆನೆದು ಮಾಡುತ್ತಾರೋ ಕಾಣೆ. ಕುಳ್ಳರಿಗೆಂದೇ ಇರುವಂತೆ ತೋರುವ ಬಜಾಜ್ ಅವೆಂಜರ್‌ನ ಸೀಟು 737ರಲ್ಲಿದೆ, ನಿಜ. ಆದರೆ ಅದರ ಹೊಟ್ಟೆಗೂ ನೆಲಕ್ಕೂ ನಡುವೆ 169 ಮಿಲಿಮೀಟರ್ ಅಷ್ಟೆ. ಶನಿವಾರಸಂತೆಗೆ ಟಾರು ರಸ್ತೆಯಲ್ಲಿ ಹೋಗಿ ಬರಲು ಸಾಕು. ಜುಲೈ ಮಳೆಯಲ್ಲಿ ಕೊಚ್ಚಿಹೋದ ತೋಟದ ದಾರಿಯಲ್ಲಿ ಕಲ್ಲುಗಳು ತಲೆಯೆತ್ತಿ ನಿಂತಿರುವಾಗ ಸಾಲದು.

ಕುಳ್ಳನೊಬ್ಬ ಹೊಸ ಬೈಕು ತಂದ ಎಂದರೆ ಸಲಹೆ ಕೊಡಲು ಬರುವವರೆಲ್ಲ ಉದ್ದದವರೇ. ಅವರ ಮೊದಲ ಮಾತು: ‘ಸ್ಪಂಜ್ ಕೊಯ್ಸಿಬಿಡು ಮಾರಾಯ.’ ಸೀಟ್ ಕವರ್ ಹಾಕುವವನು ರೆಕ್ಸಿನ್ ಬಿಚ್ಚಿ, ಚೂರಿಯಿಂದ ಹಳದಿ ಸ್ಪಂಜನ್ನು ಸವರಿ, ಮತ್ತೆ ಪಿನ್ ಹೊಡೆದು ಕೊಡುತ್ತಾನೆ. ಒಂದಿಂಚು ಸಿಗುತ್ತದೆ. ನಮಗೆ ಈ ಕೆಲಸ ಮಾಡಿಕೊಡುವವನು ಪ್ರಾಮಾಣಿಕ. ‘ಅಣ್ಣ, ಒಂದಿಂಚಿನ ಮೇಲೆ ಕೊಯ್ದರೆ ಸ್ಪಂಜ್ ಇರಲ್ಲ, ತಗಡೇ ಗತಿ. ಸಕಲೇಶಪುರ ಮುಟ್ಟೋದ್ರೊಳಗೆ ನೀವೇ ಎದ್ದು ನಿಂತ್ಕೊಂಡು ಓಡಿಸ್ತೀರಿ’ ಎಂದ. ಅವನು ಹೇಳಿದ ಇನ್ನೊಂದು ಮಾತು ಲಕ್ಷ ರೂಪಾಯಿಯದು: ಸೀಟಿನ ಎತ್ತರಕ್ಕಿಂತ ಅಗಲವೇ ದೊಡ್ಡ ವೈರಿ. ತೊಡೆ ಮೊದಲು ಅಡ್ಡಕ್ಕೆ ಹರಡಿಕೊಂಡು ಆಮೇಲೆ ಕೆಳಗಿಳಿಯಬೇಕು. ಆ ಸುತ್ತುದಾರಿಯಲ್ಲೇ ಕಾಲಿನ ಅರ್ಧ ಉದ್ದ ಖರ್ಚಾಗಿರುತ್ತದೆ. ಟ್ಯಾಂಕಿಗೆ ತಾಗುವ ಕಡೆ, ಸೀಟಿನ ಮೂಗಿನ ಎರಡೂ ಅಂಚನ್ನು ಕೆತ್ತಿಸಿದರೆ ಕೂರುವ ಜಾಗದ ಮೆತ್ತೆ ಹಾಗೇ ಉಳಿದು ಪಾದ ನೆಲಕ್ಕೆ ಹತ್ತಿರವಾಗುತ್ತದೆ. ಕಂಪನಿಗಳ ಅಳತೆಪಟ್ಟಿಯಲ್ಲಿ ಸೀಟಿನ ಎತ್ತರ ಇರುತ್ತದೆ, ಮೂಗಿನ ಅಗಲ ಇರುವುದಿಲ್ಲ.

ಸ್ಪಂಜ್ ಆದ ಮೇಲೆ ಸ್ಪ್ರಿಂಗು. ಸವಾರ ಕೂತಾಗ ಬೈಕು ಎರಡು ಮೂರು ಸೆಂಟಿಮೀಟರ್ ಕುಸಿಯಬೇಕು, ಅದು ಅದರ ಧರ್ಮ. ದಪ್ಪಗಿರುವ ಕುಳ್ಳನಿಗೆ ಇಲ್ಲಿ ದೇವರ ಕೃಪೆಯಿದೆ. ಕುಳ್ಳಗೂ ಸಣಕಲಾಗೂ ಇರುವವನಿಗೆ ಬೈಕು ತಲೆಯನ್ನೇ ಬಾಗಿಸುವುದಿಲ್ಲ. ಹಿಂದಿನ ಶಾಕ್ಸಿನ ಬುಡದಲ್ಲಿರುವ ಹಲ್ಲಿನ ಬಳೆಯನ್ನು ಸ್ಪ್ಯಾನರಿನಿಂದ ತಿರುಗಿಸಿ ಸ್ಪ್ರಿಂಗಿನ ಬಿಗಿ ಸಡಿಲಿಸಿದರೆ ಒಂದಿಷ್ಟು ಇಳಿಯುತ್ತದೆ, ಖರ್ಚೂ ಇಲ್ಲ. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡೋ, ಐವತ್ತು ಕೆಜಿ ಕಾಫಿ ಮೂಟೆ ಹೇರಿಕೊಂಡೋ ಹೊರಡುವಾಗ ಅದನ್ನು ಮತ್ತೆ ಬಿಗಿ ಮಾಡದಿದ್ದರೆ ಪ್ರತಿ ಗುಂಡಿಗೂ ಬೈಕು ತಳ ಹೊಡೆಯುತ್ತದೆ.

ಇನ್ನೂ ಮುಂದೆ ಹೋಗುವವರು ಶಾಕ್ಸ್ ಹಿಡಿದಿರುವ ಲಿಂಕನ್ನೇ ಬದಲಿಸುತ್ತಾರೆ. ಕೆಲವೇ ಮಿಲಿಮೀಟರ್ ಹೆಚ್ಚು ಉದ್ದದ ಪಟ್ಟಿ ಹಾಕಿದರೆ ಸಾಕು, ಬೈಕಿನ ಹಿಂಭಾಗ ಇಂಚುಗಟ್ಟಲೆ ಕೂರುತ್ತದೆ. ತೊಂದರೆಯೂ ಅಲ್ಲಿಂದಲೇ ಶುರು. ಹಿಂದೆ ಮಾತ್ರ ಇಳಿದರೆ ಹೆಡ್‌ಲೈಟ್ ಮರದ ಕೊಂಬೆ ನೋಡುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಸೋಮಾರಿಯಾಗುತ್ತದೆ. ಅದನ್ನು ಸರಿಮಾಡಲು ಮುಂದಿನ ಫೋರ್ಕನ್ನು ಅದರ ಹಿಡಿತದಲ್ಲಿ ಮೇಲಕ್ಕೆ ಸರಿಸಬೇಕು. ಎರಡೂ ಇಳಿದ ಮೇಲೆ ಸೈಡ್ ಸ್ಟ್ಯಾಂಡು ಉದ್ದವಾಗಿಬಿಡುತ್ತದೆ. ಬೈಕು ವಾಲುವ ಬದಲು ಶಿಸ್ತಾಗಿ ನೆಟ್ಟಗೆ ನಿಲ್ಲುತ್ತದೆ, ಒಂದು ಗಾಳಿ ಬೀಸಿದರೆ ಬಲಕ್ಕೆ ಮಲಗುತ್ತದೆ. ಸ್ಟ್ಯಾಂಡ್ ಕತ್ತರಿಸಿ ವೆಲ್ಡ್ ಮಾಡಿಸಬೇಕು. ಮಳೆಗಾಲದಲ್ಲಿ ಸ್ಟ್ಯಾಂಡ್ ಕೆಸರಿನಲ್ಲಿ ತಾನೇ ಹೂತು ಆ ಸಮಸ್ಯೆ ಬಗೆಹರಿಯುತ್ತದೆ ಎನ್ನುವವರಿದ್ದಾರೆ. ಆಗ ಅದು ಎಡಕ್ಕೆ ಮಲಗುತ್ತದೆ. ಹೀಗೆ ಒಂದಿಂಚಿಗಾಗಿ ಇಡೀ ಗಾಡಿಯನ್ನು ಕುಲಗೆಡಿಸಿ, ಹಿಮಾಲಯನ್‌ಗೆಂದು ಕೊಟ್ಟ ದುಡ್ಡಿನಲ್ಲಿ ಬರುವ 230 ಮಿಲಿಮೀಟರ್ ನೆಲದಂತರವನ್ನೂ ಕಳೆದುಕೊಳ್ಳುವುದು ನಮ್ಮ ಸೀಮೆಯಲ್ಲಿ ಜಾಣತನವಲ್ಲ ಎಂಬುದು ನನ್ನ ತೀರ್ಮಾನ.

ಯಾರೂ ಹೇಳದ ಒಂದು ಸಂಗತಿಯಿದೆ. ನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ಕೊಡಗಿನ ಮಳೆಗೆ ಅದು ಬೇಕೇ ಬೇಕು. ನಾವು ಹೋಗುವುದು ಎಡಬದಿಯಲ್ಲಿ, ಅಂದರೆ ನಮ್ಮ ಎಡಗಾಲಿನ ಕೆಳಗಿನ ನೆಲ ಯಾವಾಗಲೂ ತಗ್ಗಿನಲ್ಲಿರುತ್ತದೆ. ಈಗಿನ ಬೈಕುಗಳಲ್ಲಿ ಹಿಂಬ್ರೇಕು ಬಲಗಾಲಿಗೆ. ಏರಿನಲ್ಲಿ ನಿಲ್ಲಿಸಿದರೆ ಬಲಗಾಲು ಬ್ರೇಕಿನ ಮೇಲೇ ಇರಬೇಕು, ಊರುವುದಕ್ಕೆ ಉಳಿಯುವುದು ಎಡಗಾಲು. ತಗ್ಗಿರುವ ಕಡೆಯೇ ಊರಬೇಕು! ಹಳೆಯ ಬುಲೆಟ್ಟಿನಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ ಇತ್ತು. ಎಡಗಾಲು ಬ್ರೇಕ್ ಒತ್ತಿದರೆ ಬಲಗಾಲು ರಸ್ತೆಯ ಉಬ್ಬಿನ ಕಡೆಗೆ, ಎತ್ತರದ ನೆಲಕ್ಕೆ ಆರಾಮಾಗಿ ಇಳಿಯುತ್ತಿತ್ತು. ಹಳೇ ಬುಲೆಟ್ಟನ್ನು ಗಿಡ್ಡ ಪ್ಲಾಂಟರುಗಳೂ ಠೀವಿಯಿಂದ ಓಡಿಸುತ್ತಿದ್ದುದರ ಹಿಂದೆ ಇದೂ ಒಂದು ಕಾರಣ ಇದ್ದಿರಬೇಕು. ಕಿಕ್ ಹೊಡೆಯುವಾಗ ಮಾತ್ರ ಅವರು ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿಕೊಳ್ಳುತ್ತಿದ್ದರು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಎಜ್ಡಿಗಳನ್ನು ಹತ್ತಿದವರಂತೂ ಸೀಟಿನ ಎತ್ತರದ ಬಗ್ಗೆ ದೂರಿದ್ದನ್ನು ನಾನು ಕೇಳಿಲ್ಲ. ಅವರ ದೂರೆಲ್ಲ ಪೆಟ್ರೋಲಿನ ಬಗ್ಗೆ.

ಹಾಗಾಗಿ ಗಿಡ್ಡ ಸವಾರ ಬೈಕನ್ನು ಇಳಿಸುವುದಕ್ಕಿಂತ ನೆಲವನ್ನು ಏರಿಸಿಕೊಳ್ಳುವುದನ್ನು ಕಲಿಯುತ್ತಾನೆ. ಎಲ್ಲಿ ಮೋರಿಯ ಕಟ್ಟೆ ಪಾದಕ್ಕೆ ಸಿಗುತ್ತದೆ, ಯಾವ ಅಂಗಡಿಯ ಮೆಟ್ಟಿಲು ರಸ್ತೆಗೆ ಚಾಚಿದೆ, ಯಾವ ತಿರುವಿನ ಅಂಚಿನಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಇಳಿಜಾರಿನಲ್ಲಿ ಗೋಡೆಗೆ ಮುಖ ಮಾಡಿ ಅವನು ಗಾಡಿ ನಿಲ್ಲಿಸುವುದಿಲ್ಲ. ಕ್ಲಾಸಿಕ್‌ನ 195 ಕೆಜಿಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಲಾಗದು. ‘ಅಣ್ಣ, ಸ್ವಲ್ಪ ಹಿಂದಕ್ಕೆ ಎಳೀರಿ’ ಎಂದು ಯಾರನ್ನಾದರೂ ಕರೆಯಬೇಕಾಗುತ್ತದೆ. ಬೈಕಿನ ಮುಖ ಏರಿಗಿದ್ದರೆ ಹಿಂದಕ್ಕೆ ತೆಗೆಯುವ ಕೆಲಸವನ್ನು ಭೂಮಿಯೇ ಮಾಡಿಕೊಡುತ್ತದೆ. ಗೇರಿನಲ್ಲಿ ಹಾಕಿ ಹೋಗಿರಬೇಕು, ಅಷ್ಟೆ.

ನಮ್ಮ ಬೀದಿಯಲ್ಲಿ ಕ್ಲಾಸಿಕ್ ಓಡಿಸುವ ಹುಡುಗಿಯೊಬ್ಬಳಿದ್ದಾಳೆ, ನನಗಿಂತ ಎರಡಿಂಚು ಗಿಡ್ಡ. ಏನೂ ಕೊಯ್ಸಿಲ್ಲ, ಏನೂ ಬದಲಿಸಿಲ್ಲ. ನಿಲ್ಲಿಸುವ ಹೊತ್ತಿಗೆ ಅವಳ ಸೊಂಟ ಸೀಟಿನ ಎಡಕ್ಕೆ ಜಾರಿರುತ್ತದೆ, ಎಡ ಅಂಗಾಲು ಪೂರ್ತಿ ನೆಲದ ಮೇಲೆ, ಬಲಗಾಲು ಬ್ರೇಕಿನ ಮೇಲೆ. ‘ಎರಡೂ ಕಾಲು ಊರಕ್ಕೆ ಅದೇನು ಸ್ಟೂಲಾ ಅಂಕಲ್?’ ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಸ್ಪೇನಿನ ಡಾನಿ ಪೆಡ್ರೋಸಾ ಕೂಡ ಹೆಚ್ಚು ಕಡಿಮೆ ನನ್ನಷ್ಟೇ ಎತ್ತರದವನು. 2003ರಲ್ಲಿ 125 ಸಿಸಿ, 2004 ಮತ್ತು 2005ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದವನು. ಅವನ ಸುದ್ದಿ ಎತ್ತಿದಾಗಲೂ ಅವಳು ಸೋಲಲಿಲ್ಲ. ರೇಸಿನಲ್ಲಿ ದನ ಅಡ್ಡ ಬರುವುದಿಲ್ಲ, ಗಾಡಿ ನಿಂತರೆ ಹಿಡಿಯಲು ನಾಲ್ಕು ಜನ ಓಡಿ ಬರುತ್ತಾರೆ ಎಂದಳು.

ನೀವೂ ನಮ್ಮ ಜಾತಿಯವರಾದರೆ ಇಷ್ಟು ಮಾಡಿ. ಮೊದಲು ದಪ್ಪ ಅಟ್ಟೆಯ ಬೂಟು ಕೊಳ್ಳಿ, ಸೊಂಟ ಜಾರಿಸಿ ಒಂಟಿಗಾಲಿನಲ್ಲಿ ನಿಲ್ಲುವುದನ್ನು ಖಾಲಿ ಕಣದಲ್ಲಿ ಕಲಿಯಿರಿ. ಸಾಲದಿದ್ದರೆ ಸೀಟಿನ ಮೂಗು ಕೆತ್ತಿಸಿ. ಲಿಂಕಿಗೆ ಕೈಹಾಕುವುದು ಎಲ್ಲ ಮುಗಿದ ಮೇಲೆ, ಹಾಕಿದಿರೋ ಸ್ಟ್ಯಾಂಡಿಗೂ ಹೆಡ್‌ಲೈಟಿಗೂ ಆ ದಿನವೇ ಗತಿ ಕಾಣಿಸಿ. ಕೆತ್ತುವುದಕ್ಕೆ ಹಳೆಯದೊಂದು ಸೀಟು ಹುಡುಕಿಕೊಂಡು, ಗಾಡಿಯ ಜೊತೆ ಬಂದದ್ದನ್ನು ಅಟ್ಟದ ಮೇಲಿಡಿ. ಮಾರುವಾಗ ಕೊಳ್ಳಲು ಬರುವವನು ಆರಡಿ ಇರಬಹುದು.