ಲೂಯಿಸನ ಪಕ್ಷ

ಮಗಳು ತಂದುಕೊಟ್ಟ ಡಿವಿಡಿಗಳಲ್ಲಿ ‘ಇನ್‌ಸ್ಪೆಕ್ಟರ್ ಮೋರ್ಸ್’ ಎಂಬ ಬ್ರಿಟಿಷ್ ಪತ್ತೇದಾರಿ ಮಾಲಿಕೆಯಿತ್ತು. ಕಾಲಿನ್ ಡೆಕ್ಸ್‌ಟರರ ಕಾದಂಬರಿಗಳಿಂದ ಹುಟ್ಟಿದ ಇದು 1987ರಿಂದ 2000ದವರೆಗೆ ಅಲ್ಲಿ ಪ್ರಸಾರವಾಗಿತ್ತು. ಇಂದಿರಾನಗರದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನಾನೂ ನನ್ನ ಶ್ರೀಮತಿಯೂ ನೋಡುತ್ತಿದ್ದೆವು. ಆಕ್ಸ್‌ಫರ್ಡಿನ ಮೋರ್ಸ್ ಮಹಾಬುದ್ಧಿವಂತ, ಪದಬಂಧಪ್ರಿಯ, ಮುಂಗೋಪಿ. ಬೈಸಿಕೊಂಡೂ ಜೊತೆಬಿಡದವನು ಸಾರ್ಜೆಂಟ್ ಲೂಯಿಸ್. ನಾನು ಮೋರ್ಸನನ್ನು ಹೊಗಳಿದರೆ ಅವಳು, “ಅವನು ಥೇಟ್ ನೀವೇ ಕಣ್ರೀ. ಪಾಪ, ಆ ಲೂಯಿಸನನ್ನು ನೋಡಿ” ಎನ್ನುವಳು. ತರಗತಿಯಲ್ಲಿ ನನ್ನ ಕೋಪವುಂಡ ನೀವು ಅವಳ ಪಕ್ಷವನ್ನೇ ವಹಿಸುವಿರಿ, ಬಲ್ಲೆ!

ಮೋರ್ಸನ ಪಾತ್ರಧಾರಿ ಜಾನ್ ಥಾ 2002ರಲ್ಲಿ ತೀರಿಕೊಂಡರು. 2006ರಲ್ಲಿ ಕೆವಿನ್ ವೇಟ್ಲಿಯವರ ಲೂಯಿಸನನ್ನೇ ನಾಯಕನನ್ನಾಗಿಸಿ ಹೊಸ ಮಾಲಿಕೆ ತೆಗೆದರು. 2015ರಲ್ಲಿ ಮುಗಿದಾಗ ಅದರಲ್ಲಿ 33 ಕಥೆಗಳು, ಮೋರ್ಸನವೂ ಅಷ್ಟೇ. ಶಿಷ್ಯ ಗುರುವಿನ ಲೆಕ್ಕವನ್ನು ಮೀರಲಿಲ್ಲ.

ಅದನ್ನು ನೋಡುವ ವೇಳೆಗೆ ಅವಳು ಇರಲಿಲ್ಲ. ಹಲಸೂರು ಕೆರೆಯ ಬಳಿ ಸಿಕ್ಕ ಪರಿಚಿತರು ಮಳೆ, ಬಿಸಿಲುಗಳ ಮಾತಾಡಿ ಸಾಗುತ್ತಿದ್ದ ದಿನಗಳವು. ಮೊದಲ ಕಥೆಯಲ್ಲೇ ಲೂಯಿಸ್ ವಿಧುರ. ಹೆಂಡತಿಯನ್ನು ಯಾವುದೋ ಕಾರು ಬಡಿದು ನಿಲ್ಲದೆ ಹೋಗಿದೆ. ಎರಡು ವರ್ಷ ದೂರದೇಶದಲ್ಲಿದ್ದು ಮರಳಿದವನು ಸುಮ್ಮನೆ ಕೆಲಸಕ್ಕೆ ತೊಡಗುತ್ತಾನೆ. ಆ ರಾತ್ರಿ ಕಥೆಯಲ್ಲಿ ಕೊಲೆಗಾರ ಯಾರೆಂದು ನಾನು ಗಮನಿಸಲೇ ಇಲ್ಲ.

ಕಳೆದ ವಾರದಿಂದ ಮೋರ್ಸನ ಕಥೆಗಳನ್ನು ಮತ್ತೆ ಹಾಕಿಕೊಂಡಿದ್ದೇನೆ. ಈ ಸಲ ಲೂಯಿಸನನ್ನಷ್ಟೇ ನೋಡುತ್ತೇನೆ.